ಮೂಲೆ ಹರಿದ ಮೂರು ಕಾಗದ

2015ರಲ್ಲಿ ನಾನು ಯೆಮನ್ ದೇಶದ ಒಂದು ಆಸ್ಪತ್ರೆಯಲ್ಲಿ ಸರ್ಜಿಕಲ್ ವಾರ್ಡಿನ ಸ್ಟಾಫ್ ನರ್ಸ್ ಆಗಿದ್ದೆ. ಆಸ್ಪತ್ರೆಯ ಹೆಸರನ್ನೂ ಅದಿದ್ದ ಊರಿನ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ನನ್ನ ಜೊತೆ ದುಡಿದವರಲ್ಲಿ ಕೆಲವರು ಇನ್ನೂ ಅಲ್ಲೇ ಇದ್ದಾರೆ, ನನ್ನಿಂದ ಅವರಿಗೆ ತೊಂದರೆಯಾಗುವುದು ಬೇಡ. ಈಗ ಚಿತ್ರದುರ್ಗದ ಒಂದು ಆಸ್ಪತ್ರೆಯಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯರು ಯುದ್ಧದ ಕಥೆ ಹೇಳಿ ಮೇಡಂ ಎಂದು ದುಂಬಾಲು ಬೀಳುತ್ತಾರೆ. ಬಾಂಬು ಎಲ್ಲಿ ಬಿತ್ತು, ಎಷ್ಟು ಸದ್ದಾಯಿತು ಎನ್ನುವುದೇ ಅವರಿಗೆ ಬೇಕು. ನನಗೆ ಆ ಸದ್ದುಗಳು ಅಷ್ಟಾಗಿ ನೆನಪಿಲ್ಲ. ನೆನಪಿರುವುದು ಅಲ್ಲಿಂದ ಅವ್ವನಿಗೆ ಬರೆದ ಮೂರು ಕಾಗದ ಮತ್ತು ಅವಕ್ಕೆ ಉತ್ತರ ಬಾರದೆ ಕಳೆದ ತಿಂಗಳುಗಳು.

ನಮ್ಮದು ಹೊಸದುರ್ಗ ತಾಲ್ಲೂಕಿನ ಒಂದು ಹಟ್ಟಿ. ಕುರಿ ಸಾಕುವ ಮನೆತನ. ಬೇಸಿಗೆ ಬಂತೆಂದರೆ ಗಂಡಸರು ಹಿಂಡು ಹೊಡೆದುಕೊಂಡು ನೀರು, ಮೇವು ಇರುವ ಕಡೆ ಹೊರಡುತ್ತಾರೆ. ರೈತರ ಹೊಲದಲ್ಲಿ ಕುರಿ ನಿಲ್ಲಿಸುತ್ತಾರೆ. ಹೊಲಕ್ಕೆ ಗೊಬ್ಬರ ಸಿಗುತ್ತದೆ, ಇವರಿಗೆ ಕಾಳು ಸಿಗುತ್ತದೆ. ನಾನು ಹೈಸ್ಕೂಲು ಓದುತ್ತಾ ಹೊಸದುರ್ಗದ ಹಾಸ್ಟೆಲಿನಲ್ಲಿದ್ದಾಗ ಅಪ್ಪ ಹಾಗೆ ಆಂಧ್ರದ ಕಡೆ ಹೋದವನು ಜ್ವರ ಬಂದು ಅಲ್ಲೇ ತೀರಿಕೊಂಡ. ಸುದ್ದಿ ಒಂದು ಕಾರ್ಡಿನಲ್ಲಿ ಬಂತಂತೆ. ನಾನು ಮನೆ ಮುಟ್ಟುವ ಹೊತ್ತಿಗೆ ಆ ಕಾರ್ಡು ಇರಲಿಲ್ಲ, ನಾನು ಕೇಳಲೂ ಇಲ್ಲ. ಆಮೇಲೆ ಉಳಿದದ್ದು ಅವ್ವ, ನಾನು, ನನ್ನ ತಮ್ಮ ತಿಪ್ಪೇಶ. ಅವ್ವನಿಗೆ ಓದು ಬರಹ ಬಾರದು. ತಿಪ್ಪೇಶ ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಅಪ್ಪನ ಕೋಲು ಹಿಡಿದ. ನನ್ನನ್ನು ಮಾತ್ರ ಅವ್ವ ಬಿಡಿಸಲಿಲ್ಲ, ನರ್ಸಿಂಗ್‌ವರೆಗೂ ಓದಿಸಿದಳು.

ನಾನು ಯೆಮನ್‌ಗೆ ಹೋದಾಗ ಅಲ್ಲಿ ಯುದ್ಧ ಇರಲಿಲ್ಲ. ಶುರುವಾದ ಮೇಲೆ ನಮ್ಮ ಸರ್ಕಾರ ಹಡಗು ಕಳಿಸಿ ಭಾರತದವರನ್ನು ಕರೆಸಿಕೊಂಡಿತು. ನಾನೂ ಬ್ಯಾಗು ತುಂಬಿದ್ದೆ. ಆದರೆ ನಮ್ಮ ವಾರ್ಡು ಅಷ್ಟರಲ್ಲಿ ವರಾಂಡದವರೆಗೂ ತುಂಬಿತ್ತು, ಎಲ್ಲರೂ ಹೊರಟರೆ ಡ್ರೆಸ್ಸಿಂಗ್ ಬದಲಿಸಲು ಕೈಗಳೇ ಇರುತ್ತಿರಲಿಲ್ಲ. ನಾನು ಮತ್ತು ಕೇರಳದ ಲಿಸಿ ಉಳಿದುಕೊಂಡೆವು. ಧೈರ್ಯ ಅಂತೇನೂ ಅಲ್ಲ. ಹೋಗುತ್ತೇನೆ ಎಂದು ಆ ಮಲಗಿದ್ದವರ ಮುಂದೆ ನಿಂತು ಹೇಳಲು ಬಾಯಿ ಬರಲಿಲ್ಲ, ಅಷ್ಟೇ.

ಅವ್ವನಿಗೆ ಫೋನಿನಲ್ಲಿ ಹೇಳಿದೆ. ತಿಪ್ಪೇಶನ ಮೊಬೈಲು ಅದು, ಅವಳದಲ್ಲ.

"ಬಂದ್ಬಿಡು ಸಿದ್ದಿ. ಅಲ್ಲಿರೋರ್ಗೆ ಅವರವ್ವಂದಿರು ಇಲ್ವೇನು?" ಎಂದಳು.

"ಇನ್ನೊಂದೆರಡು ತಿಂಗ್ಳವ್ವ. ಆಮೇಲೆ ಬತ್ತೀನಿ."

"ನಿಮ್ಮಪ್ಪನೂ ಹಿಂಗೇ ಅಂದು ಹೋಗಿದ್ದ" ಎಂದು ಫೋನನ್ನು ತಿಪ್ಪೇಶನ ಕೈಗೆ ಕೊಟ್ಟುಬಿಟ್ಟಳು. ನಾನು ಅಲ್ಲಿರುವಾಗ ನಾವು ಮಾತಾಡಿದ್ದು ಅದೇ ಕೊನೆ. ಆ ವಾರವೇ ಆಸ್ಪತ್ರೆಯ ಹತ್ತಿರದ ಮೊಬೈಲ್ ಟವರು ಉರುಳಿತು. ಆಸ್ಪತ್ರೆಯಲ್ಲಿ ಒಂದು ಸ್ಯಾಟಲೈಟ್ ಫೋನ್ ಇತ್ತು, ಆದರೆ ಅದು ಔಷಧಿ ತರಿಸುವುದಕ್ಕೆ ಮಾತ್ರ. ಜನರೇಟರಿಗೇ ಡೀಸೆಲ್ ಇಲ್ಲದ ಕಡೆ ಮನೆಗೆ ಫೋನು ಮಾಡಿಕೊಡಿ ಎಂದು ಯಾರು ಕೇಳುತ್ತಾರೆ?

ಹಾಗಾಗಿ ಕಾಗದ ಬರೆಯುವ ಕಾಲ ವಾಪಸ್ಸು ಬಂತು. ಸಮುದ್ರದ ಆಚೆ ದಡದಿಂದ ಆಗಾಗ ಔಷಧಿ ತರುವ ದೋಣಿಯೊಂದಿತ್ತು. ಅದರ ಗುಮಾಸ್ತ ನಮ್ಮ ಕಾಗದ ಒಯ್ದು ಆಚೆಯ ಬಂದರಿನಲ್ಲಿ ಸ್ಟಾಂಪು ಹಚ್ಚಿ ಹಾಕುತ್ತಿದ್ದ. ನಮಗೆ ಬಂದದ್ದನ್ನೂ ಅವನೇ ತರುತ್ತಿದ್ದ. ಅವನದ್ದು ಒಂದೇ ಕಟ್ಟಳೆ: ಲಕೋಟೆ ಬೇಡ. ಲಕೋಟೆ ಕಂಡರೆ ದಾರಿಯ ಚೆಕ್‌ಪೋಸ್ಟಿನವರು ಹರಿದು ನೋಡುತ್ತಾರೆ, ಅನುಮಾನ ಬಂದರೆ ಕಟ್ಟನ್ನೇ ಇಟ್ಟುಕೊಳ್ಳುತ್ತಾರೆ. ನಾವು ಹಾಳೆಯನ್ನೇ ಮಡಿಸಿ, ಗಾಯಕ್ಕೆ ಹಚ್ಚುವ ಪ್ಲಾಸ್ಟರಿನ ಒಂದು ತುಂಡು ಅಂಟಿಸಿ, ಬೆನ್ನ ಮೇಲೆ ವಿಳಾಸ ಬರೆದು ಕೊಡುತ್ತಿದ್ದೆವು.

ಹಾಳೆ ಎಂದರೂ ಹೊಸ ಹಾಳೆ ಎಲ್ಲಿಂದ ಬರಬೇಕು? ಹಳೆಯ ಕೇಸ್ ಶೀಟುಗಳ ಖಾಲಿ ಮಗ್ಗುಲಿನಲ್ಲೇ ಬರೆಯಬೇಕಿತ್ತು. ಕೇಸ್ ಶೀಟ್ ಎಂದರೆ ರೋಗಿಯ ಜ್ವರ, ನಾಡಿ, ಕೊಟ್ಟ ಔಷಧಿ ಇವನ್ನೆಲ್ಲ ಬರೆದಿಡುವ ಹಾಳೆ. ಅದರ ಮೇಲಿನ ಬಲ ಮೂಲೆಯಲ್ಲಿ ರೋಗಿಯ ಹೆಸರು, ಅವನ ತಂದೆಯ ಹೆಸರು, ಊರು ಇರುತ್ತದೆ. ನಮ್ಮಲ್ಲಿ ಎರಡೂ ಕಡೆಯ ಗಾಯಾಳುಗಳು ಅಕ್ಕಪಕ್ಕದ ಮಂಚದಲ್ಲೇ ಮಲಗುತ್ತಿದ್ದರು. ಇಂಥವನು ಇಲ್ಲಿ ಚಿಕಿತ್ಸೆ ಪಡೆದ ಎನ್ನುವುದು ಬೇಡದವರ ಕೈಗೆ ಸಿಕ್ಕರೆ ಅವನ ಮನೆಯವರಿಗೆ ಉಳಿಗಾಲವಿಲ್ಲ. ಅದಕ್ಕೇ ನಮ್ಮ ಮುಖ್ಯ ಸರ್ಜನ್ ಒಂದು ನಿಯಮ ಮಾಡಿದ್ದರು. ಆ ಮೂಲೆಯನ್ನು ಹರಿದು ಸುಡದೆ ಒಂದು ತುಂಡು ಕಾಗದವೂ ಆಸ್ಪತ್ರೆಯ ಗೇಟು ದಾಟಬಾರದು. ಸರಿಯಾದ ನಿಯಮವೇ. ನಾನು ಚಾಚೂತಪ್ಪದೆ ಪಾಲಿಸಿದೆ. ಹೇಗೆ ಮಡಿಸಿದರೂ ಹರಿದ ಮೂಲೆ ಹೊರಗೇ ಕಾಣುತ್ತಿತ್ತು, ಅದರ ಬಗ್ಗೆ ನಾನು ತಲೆಕೆಡಿಸಿಕೊಳ್ಳಲಿಲ್ಲ.

ಮೊದಲ ಕಾಗದದಲ್ಲಿ ಬರೆದದ್ದರಲ್ಲಿ ಮುಕ್ಕಾಲು ಸುಳ್ಳು. ಇಲ್ಲಿ ಗಲಾಟೆ ದೂರ ಇದೆ, ಊಟಕ್ಕೆ ಕೊರತೆ ಇಲ್ಲ, ಬಿಸಿಲು ನಮ್ಮ ಹಿರಿಯೂರಿನ ಬಿಸಿಲಿನಷ್ಟೇ. ನಿಜ ಬರೆದದ್ದು ಒಂದು ಮೇಕೆಯ ವಿಚಾರ. ಆಸ್ಪತ್ರೆಯ ಕಾಂಪೌಂಡಿನಲ್ಲಿ ಯಾರೋ ಬಿಟ್ಟುಹೋದ ಕಪ್ಪು ಮೇಕೆಯೊಂದಿತ್ತು. ಉದ್ದ ಕಿವಿ, ಕುಳ್ಳು ಕಾಲು. ಅದರ ಕೆಚ್ಚಲು ಹೇಗಿದೆ, ಏನು ತಿನ್ನುತ್ತದೆ, ಎಲ್ಲ ಬರೆದೆ. ಅವ್ವನಿಗೆ ಮನುಷ್ಯರ ಸುದ್ದಿಗಿಂತ ಅದೇ ಹೆಚ್ಚು ಇಷ್ಟವಾಗುತ್ತದೆ ಎಂದು ಗೊತ್ತಿತ್ತು.

ಉತ್ತರ ಬರಲಿಲ್ಲ. ಬೇಸಿಗೆ ಇನ್ನೂ ಮುಗಿದಿಲ್ಲ, ತಿಪ್ಪೇಶ ಹಿಂಡಿನ ಜೊತೆ ಹೋಗಿರುತ್ತಾನೆ, ಅವ್ವನಿಗೆ ಓದಿ ಹೇಳಲು ಯಾರಾದರೂ ಸಿಗಬೇಕಲ್ಲ ಎಂದು ಸಮಾಧಾನ ಮಾಡಿಕೊಂಡು ಎರಡನೆಯದು ಬರೆದೆ. ಅದಕ್ಕೂ ಇಲ್ಲ. ದೋಣಿ ಬಂದ ದಿನ ಲಿಸಿಗೆ ಅವಳ ಗಂಡನ ಕಾಗದ ಇರುತ್ತಿತ್ತು. ಒಂದರಲ್ಲಿ ಅವಳ ಮಗಳು ಅಂಗೈ ಇಟ್ಟು ಸುತ್ತ ಗೆರೆ ಎಳೆದು ಕಳಿಸಿದ್ದಳು. ಲಿಸಿ ಆ ಪುಟ್ಟ ಕೈಯ ಮೇಲೆ ತನ್ನ ಕೈ ಇಟ್ಟು ಕೂತುಬಿಟ್ಟಳು. ನನಗೆ ಹೊಟ್ಟೆಕಿಚ್ಚಾಯಿತು. ಆಮೇಲೆ ನಾಚಿಕೆಯಾಯಿತು. ಆದರೂ ಹೊಟ್ಟೆಕಿಚ್ಚು ಹೋಗಲಿಲ್ಲ.

ಒಂಟಿತನ ಎನ್ನುವುದು ಕೆಲಸವಿಲ್ಲದವರಿಗೆ ಎಂದುಕೊಂಡಿದ್ದೆ. ಹಾಗೇನಿಲ್ಲ. ಉಸಿರಾಡಲು ಪುರಸೊತ್ತಿಲ್ಲದ ವಾರ್ಡಿನಲ್ಲಿ, ನಾಲ್ಕು ಜನ ಒಟ್ಟಿಗೆ "ಸಿಸ್ಟರ್" ಎಂದು ಕೂಗುತ್ತಿರುವಾಗಲೂ ಅದು ಬರುತ್ತದೆ. ಕನ್ನಡದ ಒಂದು ಶಬ್ದ ಕಿವಿಗೆ ಬೀಳದೆ ತಿಂಗಳುಗಳಾಗಿದ್ದವು. ಬಟ್ಟೆ ಒಗೆಯುವಾಗ ನನ್ನಷ್ಟಕ್ಕೆ ನಾನೇ ಮಾತಾಡಿಕೊಳ್ಳುತ್ತಿದ್ದೆ. ಆ ಕಪ್ಪು ಮೇಕೆಯನ್ನು "ಬಾರೇ, ತಿನ್ನೇ" ಎಂದು ಕರೆಯುತ್ತಿದ್ದೆ. ಅದಾದರೂ ಕಿವಿ ಅಲ್ಲಾಡಿಸುತ್ತಿತ್ತು. ನನ್ನವರು ಅಂತ ಇದ್ದ ಇಬ್ಬರು ನನ್ನನ್ನು ಮರೆತರು, ಇಲ್ಲವೇ ಬೇಕೆಂದೇ ಬಿಟ್ಟರು ಎಂಬ ಯೋಚನೆ ಕೂತಲ್ಲಿ ನಿಂತಲ್ಲಿ ಕಾಡುತ್ತಿತ್ತು. ಹಡಗು ಬಂದಾಗ ಹೋಗಲಿಲ್ಲವಲ್ಲ, ಅದಕ್ಕೇ ಅವ್ವ ಹೀಗೆ ಮಾಡುತ್ತಿದ್ದಾಳೆ. ಅವಳ ಹಠ ನನಗೆ ಗೊತ್ತು, ನನ್ನದೂ ಅವಳಿಂದಲೇ ಬಂದದ್ದು.

ಆಸ್ಪತ್ರೆಯ ಗೇಟಿನ ಹೊರಗೆ ಯಾವಾಗಲೂ ಹೆಂಗಸರು ಕೂತಿರುತ್ತಿದ್ದರು. ಒಳಗೆ ಆಪರೇಷನ್ ಆಗುತ್ತಿರುವವರ ಅವ್ವಂದಿರು, ಹೆಂಡತಿಯರು. ನಾವು ಹೊರಗೆ ಬಂದು ವರದಿ ಕೊಡಬೇಕು. ವರದಿಗೆ ಒಂದು ಕ್ರಮ ಇದೆ, ನರ್ಸಿಂಗ್ ಓದುವಾಗಲೇ ಅದನ್ನು ಕಲಿಸುತ್ತಾರೆ: ಮೊದಲು ಹೆಸರು, ಆಮೇಲೆ ಗಾಯ ಎಲ್ಲಿ, ಏನು ಮಾಡಿದೆವು, ಕೊನೆಗೆ ಈಗಿನ ಸ್ಥಿತಿ. ನಾನು ನನಗೆ ಬರುತ್ತಿದ್ದ ಹರಕು ಅರಬ್ಬಿಯಲ್ಲಿ ಅದೇ ಕ್ರಮದಲ್ಲಿ ಶುರು ಮಾಡುತ್ತಿದ್ದೆ. ಅವರು ಮಧ್ಯದಲ್ಲೇ ನನ್ನ ಏಪ್ರನ್ ಹಿಡಿದು "ಆಯಿಶ್? ಆಯಿಶ್?" ಎನ್ನುತ್ತಿದ್ದರು. ಬದುಕಿದ್ದಾನಾ ಎಂದು. ಇವರಿಗೆ ಪೂರ್ತಿ ಕೇಳುವ ತಾಳ್ಮೆಯೇ ಇಲ್ಲ ಎಂದು ನನಗೆ ರೇಗುತ್ತಿತ್ತು.

ಮೂರನೆಯ ಕಾಗದವನ್ನು ಸಿಟ್ಟಿನಲ್ಲೇ ಬರೆದೆ. ಅವತ್ತು ವಾರ್ಡಿನಲ್ಲಿ ಒಬ್ಬ ಹುಡುಗಿ ತೀರಿಕೊಂಡಿದ್ದಳು, ದೋಣಿಯಲ್ಲಿ ಮತ್ತೆ ನನಗೇನೂ ಇರಲಿಲ್ಲ. ಕ್ಷೇಮ ಸಮಾಚಾರ ಒಂದೂ ಬರೆಯಲಿಲ್ಲ. "ನಿನ್ನ ಹಠ ನಿನ್ನ ಹತ್ರಾನೇ ಇಟ್ಕೋ. ಹೆತ್ತ ಮಗಳು ಎಲ್ಲಿದಾಳೆ ಅಂತ ಒಂದು ಮಾತು ಕೇಳಕ್ಕೆ ನಿನಗೆ ಬಾಯಿಲ್ಲ. ತಿಪ್ಪೇಶಂಗೆ ಕೈ ಬಿದ್ದು ಹೋಗೈತೇನು ಬರಿಯಕ್ಕೆ? ನಿಮಗೆ ಕುರಿ ಇದ್ರೆ ಸಾಕು. ಇದೇ ಕಡೇದು, ಇನ್ನು ನಾನು ಬರಿಯಲ್ಲ" ಎಂದು ಆಡುವ ಮಾತಿನಲ್ಲೇ ಗೀಚಿದೆ. ಯಾವನೋ ಒಬ್ಬನ ಹೆಸರಿದ್ದ ಮೂಲೆ ಹರಿದೆ, ಮಡಿಸಿದೆ, ಕೊಟ್ಟೆ. ಕೊಟ್ಟ ಮೇಲೆ ವಾಪಸ್ಸು ತರೋಣ ಎನ್ನಿಸಿತು. ಅಷ್ಟರಲ್ಲಿ ದೋಣಿಯವನ ಗಾಡಿ ಹೋಗಿತ್ತು.

ಇದಾದ ಮೇಲೆ ನಾನು ದೋಣಿ ಕಾಯುವುದನ್ನು ಬಿಟ್ಟೆ. ಬಂದ ದಿನವೂ ಹೊರಗೆ ಹೋಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಲಿಸಿ ಡ್ರೆಸ್ಸಿಂಗ್ ರೂಮಿಗೆ ಬಂದು ನನ್ನ ಮುಂದೆ ಒಂದು ಲಕೋಟೆ ಹಿಡಿದಳು. ಚೆಕ್‌ಪೋಸ್ಟಿನವರು ಹರಿದು ಮತ್ತೆ ಅಂಟಿಸಿದ್ದರು. ಲಕೋಟೆಯ ಮೂಲೆಗಳೆಲ್ಲ ಹಳದಿ.

"ನಿಮ್ಮ ಮನೆಯಿಂದ ಕಾಗದ ಬಂದಿದೆಯೋ ಸಾಂಬಾರ ಪುಡಿ ಬಂದಿದೆಯೋ?" ಎಂದು ಇಂಗ್ಲಿಷಿನಲ್ಲಿ ಕೇಳಿ ನಕ್ಕಳು.

ಒಳಗಿನ ಹಾಳೆಯ ನಾಲ್ಕೂ ಮೂಲೆಗೆ ಅರಿಶಿನ. ಲಗ್ನಪತ್ರಿಕೆಗೆ ಹಚ್ಚುವ ಹಾಗೆ ಚುಕ್ಕೆಯಲ್ಲ, ಗೋಡೆಗೆ ಸಗಣಿ ಮೆತ್ತುವ ಹಾಗೆ ಮೆತ್ತಿತ್ತು. ಮಧ್ಯದಲ್ಲಿ ತಿಪ್ಪೇಶನ ಅಕ್ಷರ. ನಾನು ಕೈ ತೊಳೆಯದೆ, ಗ್ಲೌಸು ತೆಗೆಯದೆ ಓದಿದೆ.

"ಅಕ್ಕ, ಅವ್ವ ಹೇಳ್ದಂಗೆ ಬರೀತಿದೀನಿ, ನನ್ನ ಬೈಬ್ಯಾಡ. ಸಿದ್ದಿ, ನೀನು ಇದೀಯ ಅಂತ ಈಗ ಗೊತ್ತಾತು. ಇನ್ಮೇಲೆ ಕಾಗದದ ಮೂಲೆ ಹರೀಬ್ಯಾಡ. ಏನೇ ಬರಿ, ಮೊದ್ಲು ಇದೀನಿ ಅಂತ ಬರಿ. ಆಮೇಲೆ ಬೈಯೋದಿದ್ರೆ ಬೈಯಿ."

ಆಗ ಅರ್ಥವಾಯಿತು. ನಮ್ಮ ಕಡೆ ಸಾವಿನ ಸುದ್ದಿಯ ಕಾಗದಕ್ಕೆ ಮೂಲೆ ಹರಿದು ಕಳಿಸುವ ರೂಢಿ ಇತ್ತು. ಅದನ್ನು ಮನೆಯೊಳಗೆ ತರುವುದಿಲ್ಲ, ಹೊರಗೇ ನಿಂತು ಓದಿ ಹರಿದು ಹಾಕುತ್ತಾರೆ. ಶುಭದ ಕಾಗದಕ್ಕೆ ಅರಿಶಿನ. ಅಪ್ಪ ಸತ್ತ ಸುದ್ದಿಯ ಕಾರ್ಡು ಬಂದದ್ದೂ ಹಾಗೆಯೇ. ಅದನ್ನು ಹರಿದು ಹಾಕಿದ್ದರಿಂದಲೇ ನಾನು ಅದನ್ನು ನೋಡಲಿಲ್ಲ. ನಾನು ದೊಡ್ಡವಳಾಗುವ ಹೊತ್ತಿಗೆ ಸಾವಿನ ಸುದ್ದಿ ಮೊಬೈಲಿಗೆ ಬರುತ್ತಿತ್ತು, ಈ ರೂಢಿ ಕೇಳಿ ಗೊತ್ತಿತ್ತೇ ಹೊರತು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಅಕ್ಷರ ಬಾರದ ಅವ್ವನಿಗೆ ಕಾಗದದಲ್ಲಿ ಓದಲು ಬರುತ್ತಿದ್ದುದು ಆ ಮೂಲೆ ಒಂದೇ. ಅವಳ ಪಾಲಿಗೆ ನಾನು ಮೊದಲ ಕಾಗದದ ದಿನವೇ ಸತ್ತಿದ್ದೆ. ನಾನು ಡ್ರೆಸ್ಸಿಂಗ್ ರೂಮಿನ ನೆಲದ ಮೇಲೆ ಕೂತು ಜೋರಾಗಿ ಅತ್ತೆ. ಲಿಸಿ ಏನಾಯಿತೆಂದು ಕೇಳುತ್ತಲೇ ಇದ್ದಳು.

ಉಳಿದದ್ದನ್ನು ಊರಿಗೆ ಬಂದ ಮೇಲೆ ತಿಪ್ಪೇಶ ಹೇಳಿದ. ಅವನು ಆಗ ಮಾರಿಕಣಿವೆಯ ಹಿನ್ನೀರಿನ ಕಡೆ ಒಬ್ಬರ ಹೊಲದಲ್ಲಿ ಕುರಿ ನಿಲ್ಲಿಸಿದ್ದನಂತೆ. ಅವ್ವ ಬಸ್ಸಿಳಿದು ಹೊಲದ ಬದುವಿನ ಮೇಲೆ ಬರುತ್ತಿದ್ದುದು ದೂರದಿಂದ ಕಂಡಿತು. ಹೆಗಲ ಮೇಲೆ ಒಂದು ಕೋಲು, ಕೋಲಿನ ತುದಿಗೆ ಒಂದು ಬಟ್ಟೆಯ ಗಂಟು. ಬುತ್ತಿ ಬೇರೆ, ಅದು ಕಂಕುಳಲ್ಲಿತ್ತು. ಸಾವಿನ ಕಾಗದವನ್ನು ಬುತ್ತಿಯ ಜೊತೆ ತರಬಾರದೆಂದು ಹಾಗೆ ತಂದಿದ್ದಳು. ಗಂಟನ್ನು ನೆಲದ ಮೇಲೆ ಇಳಿಸಿ, ಮೂರು ಕಾಗದ ಹೊರಗಿಟ್ಟು, ತಾನು ದೂರ ಕೂತಳು.

"ಕಡೇಲಿ ಬಂದಿದ್ದು ಮೊದ್ಲು ಓದ್ಲೇ" ಎಂದಳು. "ಸತ್ತೋಳು ಒಂದ್ಸಲ ಸಾಯ್ತಾಳೆ. ಇವ್ಳು ಯಾಕೆ ಮೂರು ಸಲ ಸತ್ತಿದಾಳೆ, ನೋಡಾಣ."

ತಿಪ್ಪೇಶ ಪ್ಲಾಸ್ಟರು ಬಿಡಿಸಿ ಓದಿದ. ನನ್ನ ಬೈಗುಳ ಒಂದೂ ಬಿಡದೆ ಓದಿದ. ಅವ್ವ ಮೊದಲು ಬಾಯಿ ಬಿಟ್ಟುಕೊಂಡು ಕೇಳಿದಳಂತೆ. ಆಮೇಲೆ ಎದ್ದು ನಿಂತು, ಕುರಿಗಳೆಲ್ಲ ಬೆದರಿ ಎದ್ದೇಳುವ ಹಾಗೆ ಕೂಗಿದಳಂತೆ: "ಬೈತಾಳೆ ಕಣ್ಲೇ! ನನ್ನೇ ಬೈತಾಳೆ! ಸತ್ತೋರು ಬೈತಾರೇನ್ಲಾ?" ಅದೇ ಪುಟವನ್ನು ಮತ್ತೆ ಮತ್ತೆ ಓದಿಸಿದಳು. "ನಿಮಗೆ ಕುರಿ ಇದ್ರೆ ಸಾಕು" ಎಂಬಲ್ಲಿಗೆ ಬಂದಾಗಲೆಲ್ಲ ನಕ್ಕಳು, ಅತ್ತಳು. ಕ್ಷೇಮದ ಕಾಗದ ಎರಡನ್ನೂ ಓದಿಸಿದಾಗ ಅಷ್ಟೇನೂ ಹೇಳಲಿಲ್ಲವಂತೆ. ಮೇಕೆಯ ವಿಚಾರ ಬಂದಾಗ ಮಾತ್ರ, ಕುಳ್ಳು ಕಾಲಿಂದು ಹಾಲು ಚೆನ್ನಾಗಿ ಕೊಡ್ತೈತೆ ಅಂದಳಂತೆ.

ಅರಿಶಿನ ಮೆತ್ತಿದ ಕಾಗದ ಸಿಕ್ಕ ಮೇಲೆ ನಾನು ಕೇಸ್ ಶೀಟಿನಲ್ಲಿ ಬರೆಯಲಿಲ್ಲ. ಸರ್ಜರಿಗೆ ಹಾಕುವ ಗ್ಲೌಸಿನ ಜೋಡಿಯನ್ನು ಒಂದು ಬಿಳಿ ಕಾಗದದಲ್ಲಿ ಮಡಿಸಿಟ್ಟಿರುತ್ತಾರೆ. ಅದನ್ನು ನಾವು ಮಾತ್ರೆ ಕಟ್ಟಿಕೊಡಲು ಬಳಸುತ್ತಿದ್ದೆವು. ಸರ್ಜನ್‌ಗೆ ವಿಷಯ ಹೇಳಿ ದೋಣಿಗೆ ಒಂದರಂತೆ ಆ ಕಾಗದ ಕೇಳಿ ಪಡೆದೆ. ಅಡುಗೆಮನೆಯಿಂದ ಚಿಟಿಕೆ ಅರಿಶಿನ. ಮೊದಲ ಸಾಲು "ಇದೀನವ್ವ". ಆಮೇಲೆ ನಿಜ ಬರೆಯಲೂ ಧೈರ್ಯ ಬಂತು. ಭಯ ಆಗುತ್ತದೆ, ಊಟ ಸರಿಯಿಲ್ಲ, ನಿನ್ನ ಮಾತು ಕೇಳಬೇಕು ಎಂದು ಬರೆದೆ. ಉತ್ತರಗಳು ಬಂದವು, ಎಲ್ಲವೂ ಹಳದಿ.

ಗೇಟಿನ ಹೆಂಗಸರ ಮುಂದೆಯೂ ಕ್ರಮ ಬದಲಿಸಿದೆ. ಬಾಗಿಲು ತೆರೆಯುತ್ತಲೇ, ಇನ್ನೂ ಮೆಟ್ಟಿಲಿಳಿಯುವ ಮೊದಲೇ "ಆಯಿಶ್" ಎಂದು ಕೂಗುತ್ತಿದ್ದೆ. ಬದುಕಿದ್ದಾನೆ. ಅದು ಕಿವಿಗೆ ಬಿದ್ದ ಮೇಲೆ ಅವರು ಗಾಯ, ಹೊಲಿಗೆ, ಔಷಧಿ ಎಲ್ಲವನ್ನೂ ಕೂತು ತಾಳ್ಮೆಯಿಂದ ಕೇಳಿಸಿಕೊಳ್ಳುತ್ತಿದ್ದರು. ಅದಕ್ಕೆ ಮೊದಲು ಅವರು ನನ್ನ ಮುಖ, ನನ್ನ ನಡಿಗೆ, ನನ್ನ ಕೈಯಲ್ಲಿದ್ದ ಬಟ್ಟೆ ನೋಡಿ ಏನೇನು ಓದಿಕೊಂಡಿದ್ದರೋ.

ಆ ವರ್ಷದ ಕೊನೆಗೆ ಊರಿಗೆ ಬಂದೆ. ಅವ್ವ ನನ್ನನ್ನು ಕುರಿ ರೊಪ್ಪದ ಹತ್ತಿರ ಕರೆದೊಯ್ದಳು. ರೊಪ್ಪ ಎಂದರೆ ಕುರಿ ಕೂಡುವ, ಕಲ್ಲು ಪೇರಿಸಿದ ದೊಡ್ಡಿ. ಅದರ ಗೋಡೆಯ ಸಂದಿನಲ್ಲಿ ಮೂರೂ ಕಾಗದ ಇದ್ದವು. ಒಳಗಿರುವುದು ಒಳ್ಳೆಯ ಸುದ್ದಿ ಎಂದು ಗೊತ್ತಾದ ಮೇಲೂ ಹೊಸಿಲು ದಾಟಿಸಿರಲಿಲ್ಲ.

"ಯಾರ ಹತ್ರನಾದ್ರೂ ಓದಿಸಬಾರ್ದಿತ್ತೇನವ್ವ?" ಎಂದು ಕೇಳಿದೆ.

"ಓದಿಸಿದ್ರೆ ನೀನು ಹೋದಂಗೆ ಆಗ್ತಿತ್ತು. ಹರಿದು ಹಾಕಿದ್ರೂ ಹೋದಂಗೆ. ಅದ್ಕೆ ಇಲ್ಲಿಟ್ಟೆ. ಓದ್ಲಿಲ್ಲ ಅಂದ್ರೆ ಇನ್ನೂ ಇರ್ತೀಯ ಅಂತ. ಯಾರಿಗೂ ಹೇಳ್ಲಿಲ್ಲ. ಹೇಳಿದ್ರೆ ಅಳಾಕೆ ಬತ್ತಾರೆ."

ನಾನು ಆ ಕಡೆ ಮೇಕೆಯ ಜೊತೆ ಮಾತಾಡುತ್ತಿದ್ದಾಗ ಅವ್ವ ಈ ಕಡೆ ಬೆಳಗಾದರೆ ಆ ಗೋಡೆಯ ಮುಂದೆಯೇ ಹಾದು ಕುರಿಮರಿ ಬಿಡುತ್ತಿದ್ದಳು. ನನ್ನ ಒಂಟಿತನಕ್ಕೆ ಕೊನೇಪಕ್ಷ ಸಿಟ್ಟಿನ ಆಸರೆ ಇತ್ತು. ಅವಳಿಗೆ ಅದೂ ಇರಲಿಲ್ಲ.

ಈಗ ನಮ್ಮ ಆಸ್ಪತ್ರೆಯಲ್ಲಿ ಹೊಸ ಹುಡುಗಿಯರಿಗೆ ಇದೊಂದನ್ನು ನಾನೇ ಹೇಳಿಕೊಡುತ್ತೇನೆ. ಆಪರೇಷನ್ ಥಿಯೇಟರಿನ ಬಾಗಿಲು ತೆರೆದರೆ ಹೊರಗೆ ಹೊಳಲ್ಕೆರೆಯಿಂದಲೋ ಭರಮಸಾಗರದಿಂದಲೋ ಬಂದವರು ಎದ್ದು ನಿಲ್ಲುತ್ತಾರೆ. ರೋಗಿ ಬದುಕಿದ್ದರೆ ನಿಮ್ಮ ಬಾಯಿಂದ ಬರುವ ಮೊದಲ ಮಾತು ಅದೇ ಆಗಬೇಕು. ಸಹಿ ಬೇಕು, ರಕ್ತ ಬೇಕು ಎನ್ನುವುದೆಲ್ಲ ಆಮೇಲೆ. ಬದುಕಿಲ್ಲದಿದ್ದರೂ ಅವರು ನಿಮ್ಮ ಮುಖದಲ್ಲಿ ಉತ್ತರ ಹುಡುಕಾಡುವ ಹಾಗೆ ಮಾಡಬೇಡಿ. ಪಕ್ಕದಲ್ಲಿ ಕೂತು, ನೇರವಾಗಿ, ಬಾಯಿಬಿಟ್ಟು ಹೇಳಿ. ನಾವು ಹೇಳುವವರೆಗೆ ಅವರು ಸುಮ್ಮನೆ ಕಾಯುತ್ತಿರುತ್ತಾರೆ ಎಂದು ನಾವು ಅಂದುಕೊಳ್ಳುತ್ತೇವೆ. ಅವರು ಅಷ್ಟರಲ್ಲಿ ಎಷ್ಟು ಸಲ ಸತ್ತು ಬದುಕಿರುತ್ತಾರೋ ನಮಗೆ ಗೊತ್ತಿರುವುದಿಲ್ಲ.

ಅವ್ವನಿಗೆ ಈಗ ಅವಳದೇ ಮೊಬೈಲಿದೆ. ಚಿತ್ರದುರ್ಗದಿಂದ ಹಟ್ಟಿಗೆ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ, ಆದರೂ ದಿನಾ ಸಂಜೆ ಫೋನ್ ಮಾಡುತ್ತೇನೆ. ಅವಳು ಎತ್ತುತ್ತಾಳೆ, ಹಲೋ ಎನ್ನುವುದಿಲ್ಲ, ಉಸಿರು ಮಾತ್ರ ಕೇಳಿಸುತ್ತದೆ.

"ಇದೀನವ್ವ" ಎನ್ನುತ್ತೇನೆ.

"ಹ್ಞೂ" ಎನ್ನುತ್ತಾಳೆ. "ಈಗ ಹೇಳು."